ಮೀನು ಎಷ್ಟು ಅಂತ ಕೇಳಬೇಡಿ, ಐಸ್ ಎಷ್ಟು ಉಳಿಯಿತು ಅಂತ ಕೇಳಿ

ಗೋವಾದ ಮಾಲಿಮ್ ಜೆಟ್ಟಿಯಲ್ಲಿ, ಮೀನಿನ ವಿಜ್ಞಾನಿಯಾಗಿ ನಾನು ಬರೆದ ಮೊದಲ ಮೂರು ತಿಂಗಳ ಮೀನಿನ ಲೆಕ್ಕದ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿರುವುದು ಪೂರ್ತಿ ಸುಳ್ಳು. ನಾನು ಕಟ್ಟಿದ ಸುಳ್ಳಲ್ಲ, ಬೋಟಿನವರು ಹೇಳಿದ್ದನ್ನು ನಿಯತ್ತಾಗಿ ಬರೆದುಕೊಂಡದ್ದು.

1993ರ ಅಕ್ಟೋಬರ್. ಪಣಜಿಯ ಎದುರಿಗೆ, ಮಾಂಡವಿಯ ಆಚೆ ದಡ. ಬೆಳಗಿನ ಜಾವಕ್ಕೆ ಟ್ರಾಲರುಗಳು, ಅಂದರೆ ಬಲೆ ಎಳೆದುಕೊಂಡು ಹೋಗಿ ಮೀನು ಹಿಡಿಯುವ ಬೋಟುಗಳು, ಬಂದು ಒಂದರ ಪಕ್ಕ ಒಂದು ಆತುಕೊಂಡು ನಿಲ್ಲುತ್ತಿದ್ದವು. ನಾನೋ, ಇಸ್ತ್ರಿ ಮಾಡಿದ ಪ್ಯಾಂಟು, ಕೈಯಲ್ಲಿ ಕ್ಲಿಪ್ ಬೋರ್ಡು, ಬಗಲಲ್ಲಿ ಮೀನು ಅಳೆಯುವ ಹಲಗೆ. ಒಂದು ಬೋಟಿನಿಂದ ಇನ್ನೊಂದಕ್ಕೆ ಹಾರುವುದನ್ನೂ ಕಲಿತಿರಲಿಲ್ಲ. ದಡದಲ್ಲೇ ನಿಂತು ಕೂಗುತ್ತಿದ್ದೆ, "ಮೀನು ಎಷ್ಟು ಬಂತು?" ಅಂತ. "ಎಲ್ಲಿಯ ಮೀನು, ಖಾಲಿ" ಅನ್ನುವ ಉತ್ತರ ಬರುತ್ತಿತ್ತು. ಹಾಗೆ ಹೇಳಿದವನ ಬೆನ್ನ ಹಿಂದೆಯೇ ಕ್ರೇಟಿನ ಮೇಲೆ ಕ್ರೇಟು ಏರುತ್ತಿತ್ತು. ಕಣ್ಣೆದುರು ಕಂಡದ್ದನ್ನು ಎಣಿಸಿಕೊಳ್ಳೋಣ ಅಂದರೆ, ಅಷ್ಟು ಹೊತ್ತಿಗೆ ಅರ್ಧ ಮಾಲು ಟೆಂಪೋ ಹತ್ತಿ ಮಡಗಾಂವ್ ಮಾರ್ಕೆಟ್ಟಿಗೆ ಹೊರಟಿರುತ್ತಿತ್ತು.

ನನಗೆ ಸಿಟ್ಟು ಬರುತ್ತಿತ್ತು. ಈಗ ಯೋಚಿಸಿದರೆ ಅವರು ಸುಳ್ಳು ಹೇಳಿದ್ದೇ ಸರಿ. ಪೆನ್ನು ಹಿಡಿದು ಬಂದವನು ಯಾರು ಅಂತ ಅವರಿಗೇನು ಗೊತ್ತು? ತೆರಿಗೆ ಆಫೀಸಿನವನಿರಬಹುದು. ಡೀಸೆಲ್ ಸಬ್ಸಿಡಿಗೆ ಕಲ್ಲು ಹಾಕುವವನಿರಬಹುದು. ಪಕ್ಕದ ಬೋಟಿನವನು ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿರುವಾಗ "ಇವತ್ತು ಇಪ್ಪತ್ತು ಕ್ರೇಟು ಸಿಗಡಿ" ಅಂತ ಕೂಗಿ ಹೇಳುವ ಮೂರ್ಖ ಯಾವ ಬಂದರಿನಲ್ಲೂ ಇಲ್ಲ.

ನನ್ನ ಹಿನ್ನೆಲೆ ಎರಡು ಮಾತಲ್ಲಿ ಹೇಳಿ ಮುಗಿಸುತ್ತೇನೆ. ಊರು ಕುಮಟಾ ಹತ್ತಿರ, ಅಪ್ಪ ಶಾಲೆ ಮಾಸ್ತರರು. ಮನೆಯಲ್ಲಿ ಮೀನು ತಿನ್ನುತ್ತಿದ್ದೆವು, ಹಿಡಿದವರು ಯಾರೂ ಇಲ್ಲ. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಡಿಗ್ರಿ. ದೇಶದ ಮೊದಲ ಮೀನುಗಾರಿಕಾ ಕಾಲೇಜು ಅದು, 1969ರಲ್ಲಿ ಶುರುವಾದದ್ದು, ನಾನು ಹುಟ್ಟಿದ್ದೂ ಅದೇ ವರ್ಷ. ಆಮೇಲೆ ಮುಂಬೈಯ ವರ್ಸೋವಾದಲ್ಲಿರುವ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯಲ್ಲಿ ಎರಡು ವರ್ಷ. ಅಲ್ಲಿ ಮೀನಿನ ಕಿವಿಯೊಳಗಿನ ಕಲ್ಲನ್ನು ತೆಗೆದು, ತೆಳ್ಳಗೆ ಉಜ್ಜಿ, ಸೂಕ್ಷ್ಮದರ್ಶಕದಲ್ಲಿ ಗೆರೆ ಎಣಿಸಿ ವಯಸ್ಸು ಹೇಳುವುದನ್ನು ಕಲಿತೆ. ಉದ್ದದ ಅಂಕಿಗಳನ್ನು ಕಂಪ್ಯೂಟರಿಗೆ ಕೊಟ್ಟು ಬೆಳವಣಿಗೆಯ ಲೆಕ್ಕ ಹಾಕುವುದನ್ನು ಕಲಿತೆ. ಆ ಅಂಕಿಗಳನ್ನು ಯಾರ ಬಾಯಿಂದ ಹೇಗೆ ಪಡೆಯಬೇಕು ಅನ್ನುವುದಕ್ಕೆ ಒಂದೇ ಒಂದು ಪಾಠ ಇರಲಿಲ್ಲ. ಕೆಲಸ ಸಿಕ್ಕಿ ಗೋವಾಕ್ಕೆ ಬಂದೆ, ಪೊರ್ವೊರಿಮ್‌ನಲ್ಲಿ ಬಾಡಿಗೆ ಮನೆ ಹಿಡಿದೆ. ಮೂವತ್ತು ವರ್ಷ ದಾಟಿತು, ಇಲ್ಲೇ ಇದ್ದೇನೆ.

ಜೆಟ್ಟಿಯಲ್ಲಿ ಬಾಗಿಲು ತೆರೆದದ್ದು ನನ್ನ ಓದಲ್ಲ, ನನ್ನ ಬೈಗುಳ. ಒಂದು ದಿನ ಮೀನಿನ ಲೋಳೆಯ ಮೇಲೆ ಕಾಲು ಜಾರಿ ಹಲಗೆ ಸಮೇತ ಬಿದ್ದೆ. ಬಿದ್ದವನ ಬಾಯಿಂದ ಬಂದದ್ದು ಅಪ್ಪಟ ಕುಮಟಾ ಕನ್ನಡ, ಅದನ್ನಿಲ್ಲಿ ಬರೆಯುವ ಹಾಗಿಲ್ಲ. ಪಕ್ಕದ ಬೋಟಿನ ಕ್ಯಾಬಿನ್ನಿನಿಂದ ಒಬ್ಬರು ತಲೆ ಹೊರಗೆ ಹಾಕಿ, "ಹ್ವಾಯ್, ನೀವ್ ನಮ್ ಬದಿಯವ್ರಾ?" ಅಂದರು. ಗಂಗೊಳ್ಳಿಯವರು, ಆ ಬೋಟಿನ ತಾಂಡೇಲರು, ಅಂದರೆ ಬೋಟು ನಡೆಸುವವರು. ಗೋವಾಕ್ಕೆ ಬಂದು ಆಗಲೇ ಹದಿನೈದು ವರ್ಷ ಆಗಿತ್ತು. ಕರೆದು ಚಾ ಕೊಟ್ಟರು. ಅವರ ಬೋಟಿನ ಹುಡುಗರಲ್ಲಿ ಇಬ್ಬರು ಭಟ್ಕಳದವರು, ಒಬ್ಬ ಅಂಕೋಲೆಯವನು, ಇನ್ನೊಬ್ಬ ತದಡಿಯವನು. ಅಷ್ಟು ದಿನ ನಾನು ಅವರ ಹತ್ತಿರ ಹರಕು ಕೊಂಕಣಿಯಲ್ಲಿ ಮಾತಾಡುತ್ತಿದ್ದೆ! ಆ ದಿನದಿಂದ ನನಗೆ "ಅಳತೆ ಮಾಸ್ತರ್ರು" ಅಂತ ಹೆಸರು ಬಿತ್ತು. ಅಪ್ಪ ಮಾಸ್ತರಿಕೆ ಮಾಡಿ ಪಡೆದ ಹೆಸರು ನನಗೆ ಬಂಗುಡೆ ಅಳೆದು ಸಿಕ್ಕಿತು.

ಕೆಲವು ವಾರ ಬಿಟ್ಟು ಅದೇ ತಾಂಡೇಲರು ಹೇಳಿದ್ದು: "ಮಾಸ್ತರ್ರೆ, ಮೀನ್ ಎಷ್ಟ್ ಅಂತ ಕೇಂಡ್ರೆ ಯಾರ್ ಹೇಳ್ತ್ರ್? ಐಸ್ ಎಷ್ಟ್ ಉಳಿತ್ ಅಂತ ಕೇಣಿ."

ನನ್ನ ಕಸುಬಿನ ಅರ್ಧ ಇದರಲ್ಲೇ ಇದೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೋಟು ಹೊರಡುವಾಗ ಇಷ್ಟು ಬ್ಲಾಕ್ ಐಸು ಅಂತ ಹಾಕಿಸಿಕೊಂಡು ಹೋಗುತ್ತದೆ. ಅದಕ್ಕೆ ಐಸ್ ಫ್ಯಾಕ್ಟರಿಯ ಚೀಟಿ ಇರುತ್ತದೆ. ಬ್ಲಾಕನ್ನು ಪುಡಿ ಮಾಡಿ ತುಂಬುತ್ತಾರೆ, ಸಮುದ್ರದಲ್ಲಿ ಒಂದು ಪದರ ಮೀನು, ಒಂದು ಪದರ ಐಸು. ನಮ್ಮ ಸೆಕೆಗೆ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸು ಬೇಕು ಅನ್ನುವುದು ಪುಸ್ತಕದ ಲೆಕ್ಕ. ಐಸು ಜಾಸ್ತಿ ಉಳಿದು ಬಂತೋ, ಮೀನು ನಿಜವಾಗಲೂ ಸಿಕ್ಕಿಲ್ಲ. ಐಸು ಖಾಲಿಯಾಗಿ ಎರಡು ದಿನ ಮೊದಲೇ ವಾಪಸ್ ಬಂತೋ, ಭರ್ಜರಿ ಹೊಡೆದಿದ್ದಾರೆ. ಐಸೂ ಇಲ್ಲ, ಕ್ರೇಟೂ ಕಮ್ಮಿ ಅಂದರೆ ಬೇರೆ ಜೆಟ್ಟಿಯಲ್ಲಿ ಅರ್ಧ ಇಳಿಸಿ ಬಂದಿದ್ದಾರೆ. ಇದರಲ್ಲಿ ಮುಖ್ಯವಾದದ್ದು ಏನು ಅಂದರೆ, ಐಸಿನ ಬಗ್ಗೆ ಸುಳ್ಳು ಹೇಳಿ ಯಾರಿಗೂ ಏನೂ ಸಿಗುವುದಿಲ್ಲ. ಉಲ್ಟಾ, ಐಸಿನ ಬಗ್ಗೆ ಮಾತಾಡುವುದು ಅಂದರೆ ಅವರಿಗೆ ಖುಷಿ. ಫ್ಯಾಕ್ಟರಿಯವನು ಪೂರ್ತಿ ಗಟ್ಟಿಯಾಗದ ಬ್ಲಾಕ್ ಕೊಟ್ಟ, ನಡುವೆ ಟೊಳ್ಳು, ತೂಕ ಕಮ್ಮಿ ಅಂತ ಅರ್ಧ ಗಂಟೆ ಬೈಯುತ್ತಾರೆ. ಆ ಬೈಗುಳದ ನಡುವೆ ನನಗೆ ಬೇಕಾದ ಅಂಕಿ ತಾನಾಗಿ ಬೀಳುತ್ತದೆ.

ಹಾಗೆ ನನ್ನ ಪ್ರಶ್ನೆಗಳೆಲ್ಲ ಬದಲಾದವು. ಡೀಸೆಲ್ ಎಷ್ಟು ಕುಡಿಯಿತು? ಟ್ರಾಲರಿನ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಡೀಸೆಲ್ಲೇ, ಹಾಗಾಗಿ ಅದು ಪ್ರತಿ ತಾಂಡೇಲನಿಗೂ ಬಾಯಿಪಾಠ. ಎಷ್ಟು ಸಲ ಬಲೆ ಬಿಟ್ಟಿರಿ, ಒಂದೊಂದು ಸಲ ಎಷ್ಟು ಗಂಟೆ ಎಳೆದಿರಿ? ಎಷ್ಟು ಮಾರು ನೀರು? ಆಳವನ್ನು ಅವರು ಮಾರಿನಲ್ಲೇ ಹೇಳುವುದು. ಒಂದು ಮಾರು ಅಂದರೆ ಎರಡು ಕೈ ಚಾಚಿದಷ್ಟು, ಆರು ಅಡಿಯ ಹತ್ತಿರ. ಮೊದಮೊದಲು ನಾನು ಮೀಟರಿನಲ್ಲಿ ಕೇಳುತ್ತಿದ್ದೆ, ಅವರು ಮಾರಿನಲ್ಲಿ ಹೇಳುತ್ತಿದ್ದರು, ನಾನು ಅದನ್ನೇ ಮೀಟರ್ ಅಂತ ಬರೆದುಕೊಳ್ಳುತ್ತಿದ್ದೆ. ಆ ಮೊದಲ ಪುಸ್ತಕದಲ್ಲಿ ಗೋವಾದ ಸಮುದ್ರ ಇದ್ದದ್ದಕ್ಕಿಂತ ಅರ್ಧ ಆಳ ಮಾತ್ರ ಇದೆ.

ಗಂಟೆ ಲೆಕ್ಕ ಯಾಕೆ ಬೇಕು ಅಂತ ಹುಡುಗರು ಕೇಳುತ್ತಿದ್ದರು. ನಾನು ಹೇಳುತ್ತಿದ್ದುದು ಇಷ್ಟೇ. ಹೋದ ವರ್ಷ ಹತ್ತು ಕ್ರೇಟು, ಈ ವರ್ಷವೂ ಹತ್ತು ಕ್ರೇಟು, ಹಾಗಂತ ಸಮುದ್ರದಲ್ಲಿ ಮೀನು ಹಾಗೇ ಇದೆ ಅಂತ ಅಲ್ಲ. ಆ ಹತ್ತು ಕ್ರೇಟಿಗೆ ಆಗ ಎಂಟು ಗಂಟೆ ಎಳೆದಿದ್ದಿರಿ, ಈಗ ಹದಿನಾಲ್ಕು. ಆಗ ನೂರು, ನೂರಿಪ್ಪತ್ತು ಎಚ್‌ಪಿ ಎಂಜಿನ್, ಈಗ 350 ದಾಟಿದೆ. ಬಂಗುಡೆ, ತಾರ್ಲೆಯ (ಬೂತಾಯಿಯ) ಲೆಕ್ಕ ಇನ್ನೂ ಮೋಸದ್ದು. ಅವು ಗುಂಪು ಕಟ್ಟುವ ಮೀನು. ಇಡೀ ಸಮುದ್ರದಲ್ಲಿ ಗುಂಪು ಹತ್ತರಿಂದ ಮೂರಕ್ಕೆ ಇಳಿದರೂ, ಗುಂಪಿನ ಸುತ್ತ ಬಲೆ ಹಾಕುವ ಪರ್ಸೀನ್ ಬೋಟಿನವನು ಫಿಶ್ ಫೈಂಡರ್ ಹಾಕಿಕೊಂಡು ಆ ಮೂರನ್ನೇ ಹುಡುಕಿ ಸುತ್ತು ಹಾಕುತ್ತಾನೆ. ಅವನ ಬಲೆ ತುಂಬಿಯೇ ಇರುತ್ತದೆ. ಬಲೆ ಖಾಲಿ ಬರುವ ದಿನ ಬಂತು ಅಂದರೆ ಆಗಲೇ ತಡವಾಗಿದೆ ಅಂತ ಲೆಕ್ಕ.

ಎರಡನೇ ಮಳೆಗಾಲದಲ್ಲಿ ಒಂದು ಕೆಲಸ ಮಾಡಿದೆ. ಬೋಟು ನಿಂತ ಮೇಲೆ ಹುಡುಗರೆಲ್ಲ ಊರಿಗೆ ಹೋಗುತ್ತಾರೆ, ನಾನೂ ಹಿಂದೆಯೇ ಹೋದೆ. ಅಂಕೋಲೆಯಿಂದ ಗಂಗೊಳ್ಳಿಯ ತನಕ ಮನೆ ಮನೆಗೆ ಹೋಗಿ, ಮೀನಿನ ಫೋಟೋ ತೋರಿಸಿ ಹೆಸರು ಬರೆದುಕೊಂಡೆ. ಒಂದೇ ಮೀನನ್ನು ಒಬ್ಬ ಮದ್ಮಲ್ ಅಂತಾನೆ, ಇನ್ನೊಬ್ಬ ರಾಣಿ ಮೀನು ಅಂತಾನೆ. ನಂಗು ಅಂದವನ ಮೀನೂ ಲೆಪ್ಪೊ ಅಂದವನ ಮೀನೂ ಒಂದೇ ಬುಟ್ಟಿಯದ್ದು. ಬೊಂಡಾಸ್ (ಸ್ಕ್ವಿಡ್) ಬೇರೆ, ಕಪ್ಪೆ ಬೊಂಡಾಸ್ (ಕಟ್ಲ್‌ಫಿಶ್) ಬೇರೆ, ಆದರೆ ಗೋವಾದ ದಲ್ಲಾಳಿಗೆ ಎರಡೂ ಮಾಣಕಿಯೇ. ಆಮೇಲೆ ಕಾರ್ಗಿಲ್ ಅಂತ ಒಂದು ಹೊಸ ಹೆಸರು ಸೇರಿಕೊಂಡಿತು. ಗಟ್ಟಿ ಚರ್ಮ, ಕೆಂಪು ಹಲ್ಲು, ತಿನ್ನುವವರು ಕಮ್ಮಿ. ಯುದ್ಧದ ಹೊತ್ತಿಗೆ ಬಲೆ ತುಂಬ ಬರತೊಡಗಿತು ಅಂತ ಹಾಗೆ ಕರೆದರಂತೆ. ಆ ಪಟ್ಟಿ ಇಟ್ಟುಕೊಂಡು ಕನ್ನಡದಲ್ಲೇ ಒಂದು ಪುಸ್ತಕ ಅಚ್ಚು ಹಾಕಿಸಿದೆ. ತಾಂಡೇಲರು ತುಂಬುವ ಪುಸ್ತಕ ಅದು. ಮೊದಲ ಕಾಲಂ ಐಸು. ಇಂಗ್ಲಿಷಿನಲ್ಲಿ ಅಚ್ಚಾದ ಅಧಿಕೃತ ಪುಸ್ತಕ ಬೋಟುಗಳಲ್ಲಿ ಮೊದಲೇ ಇತ್ತು. ಅದರ ಹಾಳೆ ಹರಿದು ಹುರಿದ ಬಂಗುಡೆಯ ಎಣ್ಣೆ ತೆಗೆಯುತ್ತಿದ್ದರು. ಕನ್ನಡದ್ದನ್ನೂ ಕೆಲವರು ಹಾಗೇ ಮಾಡಿದರು ಬಿಡಿ, ಆದರೆ ಹದಿನಾಲ್ಕು ಬೋಟಿನವರು ತುಂಬಿದರು.

ಈಗ ನಾನು ಮಾಡಿದ ದೊಡ್ಡ ತಪ್ಪಿನ ವಿಷಯ.

ಮಳೆಗಾಲ ಮುಗಿದ ಮೇಲೆ ಕಪ್ಪೆ ಬೊಂಡಾಸ್ ಕಲ್ಲು ನೆಲದ ಅಂಚಿಗೆ ಕೂಡುತ್ತದೆ. ಎಕ್ಸ್‌ಪೋರ್ಟಿಗೆ ಹೋಗುವ ಮಾಲು, ಒಳ್ಳೆ ರೇಟು. ಆ ಜಾಗ ಎಲ್ಲಿ ಅನ್ನುವುದು ತಾಂಡೇಲನ ಬಂಡವಾಳ. ಅವನ ಹತ್ತಿರ ಬೋಟಿಲ್ಲ, ಬಲೆಯಿಲ್ಲ, ಅವೆಲ್ಲ ಮಾಲೀಕನದ್ದು. ಇವನದ್ದು ಅಂತ ಇರುವುದು ಆ ಜಾಗದ ನಂಬರು ಮಾತ್ರ. ಗಂಗೊಳ್ಳಿ ತಾಂಡೇಲರು ನನ್ನನ್ನು ನಂಬಿ ಪುಸ್ತಕದಲ್ಲಿ ಜಿಪಿಎಸ್ ನಂಬರು ಬರೆದರು. ನಾನು ಅದನ್ನು ಹಾಗೇ ನಕ್ಷೆಯ ಮೇಲೆ ಚುಕ್ಕಿ ಇಟ್ಟು, ಚಂದ ಬಣ್ಣ ಹಾಕಿ, ಒಂದು ಸಭೆಯಲ್ಲಿ ತೋರಿಸಿದೆ. ಸಭೆಯಲ್ಲಿ ಬೋಟಿನ ಮಾಲೀಕರೂ ಇದ್ದರು. ಮೇಲಿನ ಅಧಿಕಾರಿಯೊಬ್ಬರು ಚೆನ್ನಾಗಿದೆ ಅಂತ ನಕ್ಷೆಯ ಜೆರಾಕ್ಸ್ ಮಾಡಿಸಿ ಹಂಚಿದರು. ನನಗೆ ಆಗ ಹೆಮ್ಮೆಯೇ ಆಗಿತ್ತು.

ಮುಂದಿನ ವಾರ ಆ ಕಲ್ಲಿನ ಸುತ್ತ ಇಪ್ಪತ್ತಕ್ಕೂ ಜಾಸ್ತಿ ಬೋಟು. ಬಲೆಗೆ ಬಲೆ ಸಿಕ್ಕಿಕೊಂಡು ಹರಿದವು. ತಾಂಡೇಲರು ನನ್ನ ಹತ್ತಿರ ಜಗಳ ಆಡಲಿಲ್ಲ. ಪುಸ್ತಕ ವಾಪಸ್ ಕೊಟ್ಟರು, ಅಷ್ಟೇ. ಚಾ ಕೊಡುವುದನ್ನು ಮಾತ್ರ ನಿಲ್ಲಿಸಲಿಲ್ಲ, ಅದು ಇನ್ನೂ ಕಷ್ಟ ಆಗುತ್ತಿತ್ತು. ಒಂದು ಇಡೀ ಸೀಸನ್ ನನಗೆ ಅವರಿಂದ ಒಂದು ಅಂಕಿಯೂ ಸಿಗಲಿಲ್ಲ. ಸುದ್ದಿ ಹಬ್ಬಿ, ಹದಿನಾಲ್ಕು ಪುಸ್ತಕ ಐದಕ್ಕೆ ಇಳಿಯಿತು. ಆಮೇಲೆ ಗಂಗೊಳ್ಳಿಗೆ ಹೋಗಿ, ಅವರ ಮನೆ ಜಗುಲಿಯಲ್ಲಿ ಕೂತು, ತಪ್ಪಾಯ್ತು ಅಂತ ಹೇಳಿ ಬಂದೆ. ಅಲ್ಲಿಂದ ಈಚೆಗೆ ಯಾರ ಜಾಗದ ನಂಬರನ್ನೂ ನಾನು ಪುಸ್ತಕದಿಂದ ಹೊರಗೆ ತೆಗೆದಿಲ್ಲ. ನಕ್ಷೆಯಲ್ಲಿ ದೊಡ್ಡ ಚೌಕ ಮಾಡಿ, ಅದರೊಳಗೆ ಕಮ್ಮಿ ಅಂದರೆ ಮೂರು ಬೋಟಿನ ಲೆಕ್ಕ ಇದ್ದರೆ ಮಾತ್ರ ಒಟ್ಟು ಸೇರಿಸಿ ತೋರಿಸುತ್ತೇನೆ. ಇದಕ್ಕಾಗಿ ಮೇಲಿನವರ ಹತ್ತಿರ ಬೈಸಿಕೊಂಡದ್ದೂ ಇದೆ, "ಡೇಟಾ ಕೊಡದ ವಿಜ್ಞಾನಿ" ಅಂತ.

ಬಲೆಯ ಕಣ್ಣಿನ ಪ್ರಯೋಗ ಇದಾದ ಎಷ್ಟೋ ವರ್ಷದ ಮೇಲಿನದ್ದು. ಟ್ರಾಲ್ ಬಲೆಯ ತುದಿಯಲ್ಲಿ ಮೀನು ಬಂದು ಕೂಡುವ ಚೀಲ ಇರುತ್ತದಲ್ಲ, ಅದರ ಕಣ್ಣು ಸಾಮಾನ್ಯವಾಗಿ ಶಂಕರಪೋಳಿಯ ಆಕಾರ. ಎಳೆಯುವಾಗ ಭಾರ ಬಿದ್ದು ಆ ಕಣ್ಣು ಮುಚ್ಚಿಕೊಳ್ಳುತ್ತದೆ. ಕಾಗದದ ಮೇಲೆ ಕಣ್ಣು ಎಷ್ಟೇ ದೊಡ್ಡದಿದ್ದರೂ ಮರಿ ಹೊರಗೆ ಹೋಗಲಾರದು. ಅದೇ ಬಲೆಯನ್ನು ತಿರುಗಿಸಿ ಕಣ್ಣು ಚೌಕ ಬರುವ ಹಾಗೆ ಹೊಲಿದರೆ ಎಳೆದಾಗಲೂ ತೆರೆದೇ ಇರುತ್ತದೆ. ನಾವು 40 ಮಿಲಿಮೀಟರಿನ ಚೌಕ ಕಣ್ಣಿನ ಚೀಲ ಹೊಲಿಸಿ ಆರು ಬೋಟಿಗೆ ಕೊಟ್ಟೆವು. ಏನು ತಪ್ಪಿಸಿಕೊಂಡು ಹೋಗುತ್ತದೆ ಅಂತ ಗೊತ್ತಾಗಬೇಕಲ್ಲ, ಅದಕ್ಕೆ ಆ ಚೀಲದ ಹೊರಗೆ ಸಣ್ಣ ಕಣ್ಣಿನ ಇನ್ನೊಂದು ಚೀಲ. ಒಳಗಿನದ್ದರಿಂದ ಪಾರಾದದ್ದು ಹೊರಗಿನದ್ದರಲ್ಲಿ ಸಿಗುತ್ತದೆ.

ಮೊದಲ ಸಲ ವಿಂಚ್ ಎತ್ತಿ ಹೊರಗಿನ ಚೀಲ ಬಿಚ್ಚಿದಾಗ ನಾನು ಖುಷಿಯಲ್ಲಿದ್ದೆ. ಬೆರಳುದ್ದದ ಮದ್ಮಲ್ ಮರಿ, ಪಾಂಬೋಲಿನ ಮರಿ, ರಾಶಿ ರಾಶಿ. "ನೋಡಿ, ಇದೆಲ್ಲ ಬದುಕಿಕೊಳ್ಳುತ್ತಿತ್ತು" ಅಂದೆ. ಖಲಾಸಿ ಹುಡುಗ ಅದೇ ರಾಶಿಯಿಂದ ಸಣ್ಣ ಸಿಗಡಿ ಒಂದು ಹಿಡಿ ಎತ್ತಿ, "ಮತ್ತೆ ಇದು?" ಅಂದ. ಆಗ ಗೊತ್ತಾದದ್ದು ಏನು ಅಂದರೆ, ಆ ಬೋಟಿನಲ್ಲಿ ಸಣ್ಣ ಸಿಗಡಿ, ಚಿಲ್ಲರೆ ಮೀನು ಮಾರಿದ ದುಡ್ಡು ಮಾಲೀಕನಿಗಲ್ಲ, ಹುಡುಗರಿಗೆ. ಸಂಬಳದ ಮೇಲಿನ ಕೈಖರ್ಚು ಅದು. ನಾನು ಮೀನಿನ ಮರಿ ಉಳಿಸಲು ಹೋಗಿ ಜಾರ್ಖಂಡ್, ಒಡಿಶಾ, ಭಟ್ಕಳದ ಹುಡುಗರ ಜೇಬಿಗೆ ಕೈ ಹಾಕಿದ್ದೆ. ಮಾಲೀಕನಿಗೆ ಒಂದು ಪೈಸೆ ನಷ್ಟವಿಲ್ಲ, ಅದಕ್ಕೇ ಅವನು ಸಭೆಯಲ್ಲಿ ಅಷ್ಟು ಬೇಗ ಒಪ್ಪಿದ್ದು! ನಮ್ಮ ವರದಿಯ ಯಾವ ಪುಟದಲ್ಲೂ ಈ ಲೆಕ್ಕ ಇರಲಿಲ್ಲ.

ಆಮೇಲೆ ಎರಡು ತಿಂಗಳು ಬೇರೆ ಲೆಕ್ಕ ಇಟ್ಟೆ. ಹುಡುಗರು ಡೆಕ್ಕಿನಲ್ಲಿ ಕುಕ್ಕರಗಾಲಲ್ಲಿ ಕೂತು ಮೀನು ಬೇರ್ಪಡಿಸುವ ಹೊತ್ತು ಎಷ್ಟು, ಚೌಕ ಕಣ್ಣಾದರೆ ಎಷ್ಟು ಕಮ್ಮಿ. ಬಲೆಗೆ ಭಾರ ಕಮ್ಮಿಯಾದರೆ ಡೀಸೆಲ್ ಎಷ್ಟು ಉಳಿಯಿತು. ಉಳಿದ ಡೀಸೆಲ್ಲಿನ ದುಡ್ಡಲ್ಲಿ ಟ್ರಿಪ್ಪಿಗೆ ಇಷ್ಟು ಅಂತ ಹುಡುಗರಿಗೆ ಕೊಡಿ ಅಂತ ಮಾಲೀಕರಿಗೆ ಹೇಳಿದೆ. ನಾಲ್ವರು ಒಪ್ಪಿದರು, ಒಂದು ಸೀಸನ್ ಕೊಟ್ಟರು, ಆಮೇಲೆ ನಿಲ್ಲಿಸಿದರು. ಕೊಡುವುದು ನಿಂತ ತಿಂಗಳೇ ಚೌಕ ಕಣ್ಣಿನ ಚೀಲದ ಒಳಗೆ ಸಣ್ಣ ಕಣ್ಣಿನ ಹಳೆ ಬಲೆಯ ಅಸ್ತರ್ ಬಂತು. ಜೆಟ್ಟಿಗೆ ಬರುವಾಗ ಬಿಚ್ಚಿಡುತ್ತಿದ್ದರು, ಹೊಲಿಗೆಯ ನೂಲು ಮಾತ್ರ ಅಲ್ಲೇ ನೇತಾಡುತ್ತಿತ್ತು. ಆರರಲ್ಲಿ ಎರಡು ಬೋಟು ಉಳಿದವು. ಅವರು ಉಳಿಸಿಕೊಂಡದ್ದೂ ಮೀನಿನ ಮೇಲಿನ ಪ್ರೀತಿಯಿಂದಲ್ಲ, ಹುಡುಗರಿಗೆ ಸೊಂಟ ನೋವು ಕಮ್ಮಿ ಅಂತ. ನನಗೆ ಅಷ್ಟು ಸಾಕಾಗಿತ್ತು.

ನಾನು ಕರ್ನಾಟಕದವನು ಅನ್ನುವುದು ಗೋವಾದಲ್ಲಿ ಒಂದೊಂದು ಸಲ ಬಿಸಿ ತುಪ್ಪ. ಮಲ್ಪೆಯ ದೊಡ್ಡ ಟ್ರಾಲರುಗಳು ಮೇಲೆ ಬಂದು ಗೋವಾ, ಸಿಂಧುದುರ್ಗದ ನೀರಿನಲ್ಲಿ ಹಿಡಿಯುತ್ತವೆ ಅನ್ನುವ ಜಗಳ ಹಳೆಯದು. ದಡದಿಂದ 12 ನಾಟಿಕಲ್ ಮೈಲಿಯ ತನಕ ಆಯಾ ರಾಜ್ಯದ ಕಾನೂನು. ಗೋವಾದಲ್ಲಿ ಅದರೊಳಗೂ ದಡದ 5 ಕಿಲೋಮೀಟರ್ ಯಾಂತ್ರಿಕ ಬೋಟಿಗೆ ಇಲ್ಲ. ಅದು ದಡದಿಂದ ಎಳೆಯುವ ರಾಪಣ ಬಲೆಯವರು ಬೀದಿಗಿಳಿದು ಹೋರಾಡಿ ಪಡೆದ 1980ರ ಕಾನೂನು. ಸಭೆಯಲ್ಲಿ ಈ ವಿಷಯ ಬಂದಾಗಲೆಲ್ಲ ಯಾರಾದರೂ ನನ್ನ ಕಡೆ ತಿರುಗಿ "ತುಮ್ಚೆ ಲೋಕ್" (ನಿಮ್ಮ ಜನ) ಅಂತ ಶುರು ಮಾಡುತ್ತಾರೆ. ಒಂದು ರಾತ್ರಿ ನಾನು ಮಾಲಿಮ್‌ನ ಬೋಟಿನಲ್ಲೇ ಇದ್ದೆ. ವೈರ್‌ಲೆಸ್ಸಿನಲ್ಲಿ ಎರಡು ಬೋಟಿನವರ ಬೈದಾಟ. ಬಲೆಯ ಮೇಲೆ ಹಾದು ಹೋದೆ, ನೀನೇ ಅಡ್ಡ ಬಂದೆ ಅಂತ. ಒಂದು ಗೋವಾ ಬೋಟು, ಇನ್ನೊಂದು ಮಲ್ಪೆಯದ್ದು. ಎರಡೂ ಕಡೆಯವರು ಬೈಯುತ್ತಿದ್ದುದು ಕನ್ನಡದಲ್ಲಿ. ಒಬ್ಬ ಭಟ್ಕಳದವ, ಒಬ್ಬ ಬೈಂದೂರಿನವ. ಕೊನೆಗೆ "ನಿಂದ್ ಯಾವ್ ಊರಾ?" ಅಂತ ಕೇಳಿಕೊಂಡು, ಒಬ್ಬನ ಅಕ್ಕನನ್ನು ಇನ್ನೊಬ್ಬನ ಊರಿಗೇ ಕೊಟ್ಟದ್ದು ಗೊತ್ತಾಗಿ, ಇಬ್ಬರೂ ಸುಮ್ಮನಾದರು. ಬಲೆ ಮಾತ್ರ ಹರಿದೇ ಇತ್ತು.

ಇಂಥ ಜಗಳದಲ್ಲಿ ವಿಜ್ಞಾನಿಯ ಕೈಯಲ್ಲಿ ಜಾಸ್ತಿ ಏನಿಲ್ಲ. ಮೀನಿಗೆ ರಾಜ್ಯದ ಗಡಿ ಗೊತ್ತಿಲ್ಲ ಅಂತ ನಾವು ಹೇಳುತ್ತೇವೆ, ಅದು ಎಲ್ಲರಿಗೂ ಗೊತ್ತು. ಒಂದು ವಿಷಯ ಮಾತ್ರ ನಿಜಕ್ಕೂ ಉಪಯೋಗಕ್ಕೆ ಬಂತು. ಮೊದಲು ಮಳೆಗಾಲದ ನಿಷೇಧ ಒಂದೊಂದು ರಾಜ್ಯಕ್ಕೆ ಒಂದೊಂದು ದಿನಾಂಕ. ಒಬ್ಬ ಮೊದಲು ಬಾಗಿಲು ತೆರೆದರೆ ಪಕ್ಕದವನ ಮೀನೂ ಅವನ ಬಲೆಗೆ. 2015ರಲ್ಲಿ ಕೇಂದ್ರ ಸರ್ಕಾರ ಪಶ್ಚಿಮ ಕರಾವಳಿಯಲ್ಲಿ ರಾಜ್ಯಗಳ 12 ಮೈಲಿಯ ಆಚೆಗೆ ಒಂದೇ ಲೆಕ್ಕ ಮಾಡಿತು, ಜೂನ್ 1ರಿಂದ ಜುಲೈ 31, ಒಟ್ಟು 61 ದಿನ. ಬಂಗುಡೆ, ತಾರ್ಲೆ ಮೊಟ್ಟೆಯಿಡುವುದು ಹೆಚ್ಚಾಗಿ ಈ ಮಳೆಗಾಲದ ತಿಂಗಳುಗಳಲ್ಲೇ. 2017ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಎಲ್‌ಇಡಿ ದೀಪ ಹಾಕಿ ಹಿಡಿಯುವುದನ್ನೂ, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವುದನ್ನೂ ನಿಲ್ಲಿಸಿ ಎಂದಿತು. ನಿಂತಿದೆಯಾ ಅಂತ ಕೇಳಿದರೆ, ರಾತ್ರಿ ಜೆಟ್ಟಿಯ ತುದಿಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿ ಅಂತೀನಿ.

ತಾರ್ಲೆಯ ವಿಷಯದಲ್ಲಿ ನಾನು ಬೋಟಿನವರ ಪರ ಮಾತಾಡಿ ಸಹೋದ್ಯೋಗಿಗಳ ಹತ್ತಿರ ಜಗಳ ಆಡಿದ್ದೂ ಇದೆ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಮೀನು 2021ಕ್ಕೆ 3,300 ಟನ್ನಿನ ಹತ್ತಿರ ಬಂತು. ಎಲ್ಲರೂ ಬೆರಳು ತೋರಿಸಿದ್ದು ಬಲೆಯ ಕಡೆ. ಮರಿ ಹಿಡಿದದ್ದು ನಿಜ. ಆದರೆ ತಾರ್ಲೆ ಮಳೆಗಾಲದಲ್ಲಿ ತಳದ ತಣ್ಣೀರು ಮೇಲೆ ಬಂದು ಹುಟ್ಟುವ ಪಾಚಿಯನ್ನು ನಂಬಿ ಬದುಕುವ ಮೀನು. ಸಮುದ್ರ ಬಿಸಿಯಾಗುವ ಎಲ್ ನಿನೋ ವರ್ಷ ಆ ಲೆಕ್ಕವೇ ತಪ್ಪುತ್ತದೆ. ಗಂಗೊಳ್ಳಿ ತಾಂಡೇಲರ ಅಪ್ಪನ ಕಾಲದಲ್ಲೂ ತಾರ್ಲೆ ವರ್ಷಗಟ್ಟಲೆ ಮಾಯವಾಗಿ ಮತ್ತೆ ಬಂದಿತ್ತಂತೆ, ಆಗ ಟ್ರಾಲರೇ ಇರಲಿಲ್ಲ. ಸುಮ್ನೆ ಬೈದರೆ ಪುಸ್ತಕ ತುಂಬುವವರು ತುಂಬುವುದಿಲ್ಲ, ಅಷ್ಟೇ ಅಲ್ಲ, ಅದು ತಪ್ಪು ವಿಜ್ಞಾನವೂ ಹೌದು.

ನಡುವೆ ಒಂದು ತಮಾಷೆ. ಮೀನಿನ ಹೊಟ್ಟೆ, ಮೊಟ್ಟೆಯ ಚೀಲ ಕೆಡದ ಹಾಗೆ ಇಡಲು ಇಪ್ಪತ್ತೈದು ವರ್ಷದಿಂದ ನಾನು ಚೀಲದಲ್ಲಿ ಒಂದು ಬಾಟಲಿ ಹೊತ್ತು ತಿರುಗುತ್ತಿದ್ದೆ. ಅದರಲ್ಲಿರುವುದು ಫಾರ್ಮಲಿನ್, ಹೊಟ್ಟೆಗೆ ಹೋಗಬಾರದ ರಾಸಾಯನಿಕ. 2018ರ ಜುಲೈಯಲ್ಲಿ ಮಡಗಾಂವ್ ಮಾರ್ಕೆಟ್ಟಿಗೆ ಬಂದ ಹೊರ ರಾಜ್ಯದ ಮೀನಿನಲ್ಲಿ ಫಾರ್ಮಲಿನ್ ಅಂತ ಗಲಾಟೆ ಎದ್ದಿತು. ಆಗಸ್ಟಿನಲ್ಲಿ ಬೋಟು ಶುರುವಾದ ಮೊದಲ ದಿನ ನಾನು ಎಂದಿನ ಹಾಗೆ ಬಾಟಲಿ ತೆಗೆದು ಕ್ರೇಟಿನ ಪಕ್ಕ ಇಟ್ಟೆ. ಮೀನು ಕೊಳ್ಳಲು ಬಂದಿದ್ದ ಹೆಂಗಸೊಬ್ಬಳು ವಾಸನೆ ಹಿಡಿದು ಹಾಕಿದ ಕೂಗಿಗೆ ಜೆಟ್ಟಿಯ ಅರ್ಧ ಜನ ಓಡಿ ಬಂದರು. ಹುಡುಗರು ನನ್ನನ್ನು ಕ್ಯಾಬಿನ್ನಿನೊಳಗೆ ತಳ್ಳಿ ಕೂರಿಸಿದರು. ಅವತ್ತಿಂದ ಸ್ಯಾಂಪಲ್ಲನ್ನು ಐಸಿನಲ್ಲಿಟ್ಟು ಮನೆಗೆ ತರುತ್ತೇನೆ. ಫ್ರಿಜ್ಜಿನ ಮೇಲಿನ ಖಾನೆ ನನ್ನದು. ಹೆಂಡತಿಗೆ ಇದರ ಬಗ್ಗೆ ಹೇಳಲಿಕ್ಕೆ ಬೇಕಾದಷ್ಟಿದೆ.

ಇನ್ನು ಐಸಿನ ಪ್ರಶ್ನೆಗೆ ಏನಾಯಿತು ಅಂತ ಹೇಳಿ ನಿಲ್ಲಿಸುತ್ತೇನೆ. ಇಷ್ಟೆಲ್ಲ ವರ್ಷ ನಾನು ನಂಬಿದ್ದ ಕಾಲಂ ಅದು. ಕೆಲವು ವರ್ಷದ ಹಿಂದೆ ಲೆಕ್ಕ ಹಾಕುತ್ತಾ ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಏಳೆಂಟು ಬೋಟಿನಲ್ಲಿ ಉಳಿದ ಐಸು ಏರುತ್ತಾ ಹೋಗಿದೆ, ಎರಡು ವರ್ಷದಿಂದ. ಅಂದರೆ ಮೀನು ಇಳಿದಿದೆ. ನಾನು ಗಾಬರಿಯಾಗಿ ಒಂದು ಟಿಪ್ಪಣಿಯನ್ನೂ ಬರೆದೆ. ಕಳಿಸುವ ಮೊದಲು ಅಭ್ಯಾಸದಂತೆ ಜೆಟ್ಟಿಗೆ ಹೋಗಿ ತೋರಿಸಿದೆ. ಈಗಿನ ತಾಂಡೇಲ ಆ ಗಂಗೊಳ್ಳಿಯವರ ತಂಗಿಯ ಮಗ. ಕಾಗದ ನೋಡಿ, ಒಳಗಿದ್ದ ಹುಡುಗರನ್ನೂ ಕರೆದು ತೋರಿಸಿ, ಎಲ್ಲರೂ ಸೇರಿ ನಕ್ಕರು.

"ಮಾಸ್ತರ್ರೆ, ಥರ್ಮೋಕೋಲ್ ತೆಗ್ದ್ ಪಫ್ ಹಾಕ್ಸಿದ್ ಕಾಣ್ಲಿಲ್ಯಾ?"

ಐಸು ಇಡುವ ಕೋಣೆಯ ಗೋಡೆ ಬದಲಾಗಿತ್ತು. ಒಳಗೆ ಪಫ್, ಅಂದರೆ ಸೆಕೆಯನ್ನು ಒಳಗೆ ಬಿಡದ ಗಟ್ಟಿ ನೊರೆಯ ಪದರ, ಮೇಲೆ ಫೈಬರ್. ಐಸು ಮೊದಲಿನ ಹಾಗೆ ಕರಗುವುದಿಲ್ಲ, ಹಾಗಾಗಿ ಉಳಿಯುತ್ತದೆ. ಮೀನು ಅಷ್ಟೇ ಇತ್ತು. ದಿನಾ ಅದೇ ಬೋಟು ಹತ್ತಿ ಇಳಿಯುವವನು ನಾನು, ಕೋಣೆಯೊಳಗೆ ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಟಿಪ್ಪಣಿ ಹರಿದು ಹಾಕಿ, ಆ ಎರಡು ವರ್ಷದ ಪುಸ್ತಕಗಳನ್ನೆಲ್ಲ ತೆಗೆದು, ಯಾವ ಬೋಟು ಯಾವ ತಿಂಗಳು ಪಫ್ ಹಾಕಿಸಿತು ಅಂತ ಒಬ್ಬೊಬ್ಬರನ್ನೇ ಕೇಳಿ ಬದಿಯಲ್ಲಿ ಬರೆಯುತ್ತಾ ಬಂದೆ. ಮೂರು ಬೋಟಿನದ್ದು ಇನ್ನೂ ಬಾಕಿ ಇದೆ. ಆ ತಾಂಡೇಲರು ಊರಿಗೆ ಹೋಗಿದ್ದಾರೆ, ನೂಲ ಹುಣ್ಣಿಮೆ ಕಳೆದು ಬರುತ್ತಾರಂತೆ.